ಮಾಗಡಿ–ರಾಮನಗರದ ದುರ್ಗಗಳು: ಮುತ್ತಿಗೆಯಿಂದ ಶಿಲಾರೋಹಣದವರೆಗೆ

೧

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಬಿನ್ನಿಪೇಟೆಯು ಎರಡು ಹಳೆಯ ರಸ್ತೆಗಳ ನಡುವೆ ನೆಲೆಸಿದೆ. ಇದರ ಉತ್ತರದ ಮಗ್ಗುಲಿನಲ್ಲಿ ಮಾಗಡಿಯ ರಸ್ತೆಯೂ ದಕ್ಷಿಣದ ಮಗ್ಗುಲಿನಲ್ಲಿ ಮೈಸೂರಿನ ರಸ್ತೆಯೂ ಹಾದುಹೋಗುವುವು. ೧೮೮೪ರಲ್ಲಿ ಸ್ಥಾಪಿತವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿಯು ಮದರಾಸಿನ ಬಿನ್ನಿ ಕಂಪೆನಿಯ ಆಡಳಿತಕ್ಕೆ ಬಂದುದರಿಂದ ಈ ಪೇಟೆಗೆ ಈ ಹೆಸರು ಉಂಟಾಯಿತು. ಗಿರಣಿಯು ಈಗ ಇಲ್ಲ. ಅದರ ನೆಲದಲ್ಲಿ ವಸತಿಯ ಕಟ್ಟಡಗಳು ಎದ್ದಿವೆ. ೨೦೧೫ರಿಂದ ಸಮೀಪದಲ್ಲಿಯೇ ಮೆಟ್ರೋ ರೈಲು ಓಡುತ್ತಿದೆ. ಆದರೆ ರಸ್ತೆಗಳ ದಿಕ್ಕು ಬದಲಾಗಿಲ್ಲ. ಮೊದಲನೆಯದು ಮಾಗಡಿಗೂ ಅದರ ಸಮೀಪದ ಸಾವನದುರ್ಗಕ್ಕೂ ಒಯ್ಯುತ್ತದೆ. ಎರಡನೆಯದು ಕೆಂಗೇರಿ, ಬಿಡದಿಗಳನ್ನು ದಾಟಿ, ಸುಮಾರು ೫೦ ಕಿಲೋಮೀಟರುಗಳ ದೂರದಲ್ಲಿ ರಾಮನಗರದ ಬಂಡೆಬೆಟ್ಟಗಳ ಬುಡವನ್ನು ಮುಟ್ಟುತ್ತದೆ.

ಶನಿವಾರ ಭಾನುವಾರಗಳ ನಸುಕಿನಲ್ಲಿ ನಗರದ ಯುವಕ ಯುವತಿಯರು ಈ ರಸ್ತೆಗಳನ್ನು ಹಿಡಿದು ಬೆಟ್ಟವೇರಲು ಹೊರಡುವುದು ಇಂದು ಸಾಮಾನ್ಯವಾದ ಸಂಗತಿ. ಕೆಲವರು ಕಾಲುದಾರಿಯಲ್ಲಿ ಶಿಖರವನ್ನು ಸೇರುವರು. ಮತ್ತೆ ಕೆಲವರು ಸೊಂಟಕ್ಕೆ ಹಗ್ಗವನ್ನು ಬಿಗಿದು ನೆಟ್ಟಗೆ ನಿಂತ ಬಂಡೆಯನ್ನು ಹತ್ತುವರು. ಇದು ಹೊಸ ವಿನೋದವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಈ ಬೆಟ್ಟಗಳನ್ನು ಏರುವ ಪ್ರಶ್ನೆಯೇ ಹೊಸದಲ್ಲ. ಯಾರು ಏರಬೇಕು, ಯಾವ ಕಾರ್ಯಕ್ಕಾಗಿ ಏರಬೇಕು, ಯಾರನ್ನು ತಡೆಯಬೇಕು ಎಂಬ ವಿಚಾರವು ಇಲ್ಲಿ ಅನೇಕ ಶತಮಾನಗಳಿಂದ ನಡೆದುಬಂದಿದೆ. ಸಾವನದುರ್ಗ ಮತ್ತು ರಾಮದೇವರ ಬೆಟ್ಟ ಎಂಬ ಎರಡು ಸ್ಥಳಗಳ ಆಧಾರದಿಂದ ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಈ ಕಾಲದ ಆರೋಹಿಗಳ ಹೊಣೆಯು ಯಾವುದೆಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಾಗಿದೆ.

೨

ಮೊದಲು ಶಿಲೆಯ ವಿಚಾರ. ಸಾವನದುರ್ಗವೂ ರಾಮನಗರದ ಬೆಟ್ಟಗಳೂ ಒಂದೇ ಕಲ್ಲಿನ ಪಟ್ಟಿಗೆ ಸೇರಿದುವು. ಭೂಶಾಸ್ತ್ರಜ್ಞರು ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಉತ್ತರದಕ್ಷಿಣವಾಗಿ ಸುಮಾರು ೪೦೦ ಕಿಲೋಮೀಟರುಗಳ ಉದ್ದಕ್ಕೆ ಹರಡಿರುವ ಈ ಶಿಲೆಯ ವಯಸ್ಸು ಸುಮಾರು ೨೫೦ ಕೋಟಿ ವರ್ಷಗಳೆಂದು ಗಣಿಸಲಾಗಿದೆ. ಕ್ಲೋಸ್‌ಪೇಟೆಯೆಂಬುದು ರಾಮನಗರಕ್ಕಿದ್ದ ಹಿಂದಿನ ಹೆಸರು. ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ನೆನಪಿಗಾಗಿ ಇಡಲ್ಪಟ್ಟುದು. ಊರು ಆ ಹೆಸರನ್ನು ಬಿಟ್ಟಿತು. ಕಲ್ಲು ಅದನ್ನು ಉಳಿಸಿಕೊಂಡಿತು. ಈ ಊರನ್ನು ಕೇಂದ್ರವಾಗಿ ಮಾಡಿ ೨೦೦೭ರಲ್ಲಿ ರಚಿಸಿದ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು ೨೦೨೫ರಲ್ಲಿ ರಾಜ್ಯದ ಮಂತ್ರಿಮಂಡಲವು ಒಪ್ಪಿತು.

ಈ ಗ್ರಾನೈಟಿನ ಸ್ವಭಾವವು ಮುಂದಿನ ಚರಿತ್ರೆಗೆಲ್ಲ ಕಾರಣವಾದುದರಿಂದ ಅದನ್ನು ಗಮನಿಸಬೇಕು. ಗಾಳಿ, ಬಿಸಿಲು, ಮಳೆಗಳಿಂದ ಇದರ ಮೇಲ್ಪದರವು ಈರುಳ್ಳಿಯ ಸಿಪ್ಪೆಯಂತೆ ಹಾಳೆಹಾಳೆಯಾಗಿ ಕಳಚುತ್ತದೆ. ಆದಕಾರಣ ಬಂಡೆಯು ಗುಂಡಗೆ, ನುಣ್ಣಗೆ, ಹಿಡಿಯಲು ಆಸರೆಯಿಲ್ಲದಂತೆ ಉಳಿಯುತ್ತದೆ. ಹಾಳೆಗಳು ಮುರಿದು ಬಿದ್ದಲ್ಲಿ ಮಾತ್ರ ಕಡಿದಾದ ಗೋಡೆಗಳೂ ಅವುಗಳ ಮಧ್ಯದಲ್ಲಿ ಕಟ್ಟೆಯಂತಹ ಚಾಚುಗಳೂ ಪೊಟರೆಗಳೂ ಉಂಟಾಗುವುವು. ನುಣ್ಣನೆಯ ಮೈಯು ಕೋಟೆಯನ್ನು ಕಟ್ಟಿದವರಿಗೆ ಒದಗಿತು. ಮಧ್ಯದ ಚಾಚುಗಳು ಹದ್ದುಗಳಿಗೂ ಹೆಜ್ಜೇನಿಗೂ ಒದಗಿದುವು.

ಸಾವನದುರ್ಗವು ಸಮುದ್ರಮಟ್ಟದಿಂದ ೧೨೨೬ ಮೀಟರುಗಳ ಎತ್ತರದಲ್ಲಿದೆ. ಇದರಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಭಾಗಗಳುಂಟು. ಬುಡದಲ್ಲಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ದೇವಾಲಯಗಳಿವೆ. ಹೆಸರಿನ ವಿಷಯದಲ್ಲಿ ಮೂರು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಅಚ್ಯುತರಾಯನ ಕಾಲದಲ್ಲಿ ಮಾಗಡಿಯ ಅಧಿಕಾರಿಯಾಗಿದ್ದ ಸಾಮಂತರಾಯನಿಂದ ಸಾಮಂತದುರ್ಗವೆಂಬ ಹೆಸರು ಬಂದು, ಅದೇ ಸಾವನದುರ್ಗವಾಯಿತೆಂಬುದು ಒಂದು ಪಕ್ಷ. ಇದಕ್ಕೆ ಶಾಸನದ ಆಧಾರವಿಲ್ಲ. ಸಾವಿನ ದುರ್ಗವೆಂಬುದೇ ಮೂಲವೆಂಬುದು ಎರಡನೆಯದು. ಇಂಗ್ಲಿಷ್ ಚಿತ್ರಕಾರನಾದ ರಾಬರ್ಟ್ ಹೋಮನು ೧೭೯೪ರಲ್ಲಿ ಪ್ರಕಟಿಸಿದ ಮೈಸೂರಿನ ದೃಶ್ಯಗಳ ಗ್ರಂಥದಲ್ಲಿ ಈ ಅರ್ಥವನ್ನೇ ಕೊಟ್ಟಿದ್ದಾನೆ. ಆದರೆ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, ಕ್ರಿ. ಶ. ೧೩೪೦ರ ಮಾಡಬಾಳದ ಶಾಸನದಲ್ಲಿ ಈ ಸ್ಥಳಕ್ಕೆ ಸಾವಂದಿ ಎಂಬ ಹೆಸರಿದೆ. ಹದಿನಾಲ್ಕನೆಯ ಶತಮಾನದಲ್ಲಿಯೇ ಸಾವಂದಿ ಎಂದಿದ್ದುದು ಹದಿನಾರನೆಯ ಶತಮಾನದ ಸಾಮಂತನಿಂದ ಹುಟ್ಟಲಾರದು. ಸಾವಿನ ಅರ್ಥವಾದರೋ, ಕಾಡಿನ ಜ್ವರಕ್ಕೂ ಬಂಡೆಯ ಜಾರಿಗೂ ಅಂಜಿದ ದಂಡಿನವರ ಬಾಯಲ್ಲಿ ಹಳೆಯ ಹೆಸರಿನ ಮೇಲೆ ಬೆಳೆದ ಹೊಸ ವ್ಯಾಖ್ಯಾನವೆಂದೇ ತೋರುತ್ತದೆ. ಶಾಸನದ ರೂಪವೇ ಪ್ರಾಚೀನವೆಂದು ಒಪ್ಪಬೇಕಾಗುತ್ತದೆ.

೩

ಕಷ್ಟದಿಂದ ಹೋಗತಕ್ಕುದು ಎಂಬುದೇ ದುರ್ಗಶಬ್ದದ ಅರ್ಥ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಜಲದುರ್ಗ, ಗಿರಿದುರ್ಗ, ಮರುದುರ್ಗ, ವನದುರ್ಗಗಳೆಂಬ ಭೇದಗಳನ್ನು ಹೇಳಿದ್ದಾನೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಈ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದುದು ವಾಚಕರಿಗೆ ತಿಳಿದೇ ಇದೆ. ಈ ವಿಭಾಗದ ಪ್ರಕಾರ ಸಾವನದುರ್ಗವು ಏಕಕಾಲದಲ್ಲಿ ಗಿರಿದುರ್ಗವೂ ವನದುರ್ಗವೂ ಆಗಿದ್ದಿತು. ಶಿಖರಕ್ಕೆ ಮೆಟ್ಟಿಲುಗಳಿರಲಿಲ್ಲ, ಬುಡದ ಸುತ್ತಲೂ ಬಿದಿರು ಮುಂತಾದ ಮರಗಳ ದಟ್ಟವಾದ ಕಾಡು ಬೇಲಿಯಂತೆ ನಿಂತಿದ್ದಿತು.

ಬೆಂಗಳೂರನ್ನು ೧೫೩೭ರಲ್ಲಿ ಕಟ್ಟಿದ ಕೆಂಪೇಗೌಡನ ವಂಶಕ್ಕೆ ಈ ದುರ್ಗಮತ್ವವೇ ಕಡೆಯ ಆಸರೆಯಾಯಿತು. ೧೬೩೮ರಲ್ಲಿ ಬಿಜಾಪುರದ ಸೇನಾಪತಿಯಾದ ರಣದುಲ್ಲಾಖಾನನು ಬೆಂಗಳೂರನ್ನು ವಶಪಡಿಸಿಕೊಂಡನು. ಇಮ್ಮಡಿ ಕೆಂಪೇಗೌಡನು ಬಯಲಿನ ಪಟ್ಟಣವನ್ನು ಬಿಟ್ಟು ಮಾಗಡಿಗೆ ಸರಿದನು. ಅಲ್ಲಿಂದ ಮುಂದೆ ಸುಮಾರು ತೊಂಬತ್ತು ವರ್ಷಗಳ ಕಾಲ ಮಾಗಡಿಯ ಗೌಡರು ಈ ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ಆಳಿದರು. ೧೭೨೮ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಸಾವನದುರ್ಗವನ್ನು ಹಿಡಿಯಲು ಆ ಸಂಸ್ಥಾನವು ಕೊನೆಗೊಂಡಿತು.

ಇದರ ತರುವಾಯದ ಮುಖ್ಯ ಘಟನೆಯೆಂದರೆ ೧೭೯೧ರ ಮುತ್ತಿಗೆ. ಆ ವರ್ಷದ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ಮತ್ತೆ ದಂಡೆತ್ತುವುದಕ್ಕೆ ಮುಂಚೆ, ಬೆನ್ನ ಹಿಂದಿನ ದುರ್ಗಗಳನ್ನು ತೆಗೆದುಕೊಳ್ಳಬೇಕೆಂದು ನಿಶ್ಚಯಿಸಿದನು. ಸಾವನದುರ್ಗದ ಮೇಲೆ ಕಳುಹಿಸಿದ ಪಡೆಗೆ ಕರ್ನಲ್ ಸ್ಟುಅರ್ಟನು ನಾಯಕನಾಗಿದ್ದನು. ಬಿದಿರುಮೆಳೆಗಳನ್ನು ಕಡಿದು ದಾರಿಮಾಡಿ ಭಾರವಾದ ಫಿರಂಗಿಗಳನ್ನು ಬಂಡೆಗಳ ಮೇಲೆ ಎಳೆಯುವುದೇ ಅವರಿಗೆ ಯುದ್ಧಕ್ಕಿಂತ ದೊಡ್ಡ ಕೆಲಸವಾಯಿತು. ಫಿರಂಗಿಗಳು ಗೋಡೆಯಲ್ಲಿ ಬಿರುಕುಮಾಡಿದ ಮೇಲೆ ಡಿಸೆಂಬರು ೨೧ರಂದು ಕೋಟೆಯು ಒಂದೇ ಹಗಲಿನಲ್ಲಿ ಬಿದ್ದಿತು. ಬೆಟ್ಟದ ಜ್ವರವು ಶತ್ರುಗಳಲ್ಲಿ ಅರ್ಧದಷ್ಟು ಜನರನ್ನೂ ಕಾಳಗವು ಉಳಿದವರನ್ನೂ ತೀರಿಸುವುದೆಂದು ಟಿಪ್ಪುವು ನಂಬಿದ್ದನೆಂಬ ಮಾತು ಇಂಗ್ಲಿಷರ ಕಥನಗಳಲ್ಲಿ ಬರುತ್ತದೆ. ಗೆದ್ದವರು ಬರೆದಿಟ್ಟ ಮಾತಾದುದರಿಂದ ಇದನ್ನು ತೂಗಿ ನೋಡಬೇಕು; ಆದರೆ ದುರ್ಗದ ಬಲವು ಗೋಡೆಯಲ್ಲಲ್ಲ, ದುರ್ಗಮತ್ವದಲ್ಲಿ ಇದ್ದಿತೆಂಬ ತಿಳಿವಳಿಕೆಯು ಎರಡು ಪಕ್ಷಗಳಿಗೂ ಇದ್ದುದು ಇದರಿಂದ ವಿದಿತವಾಗುತ್ತದೆ. ಸಾವನದುರ್ಗವು ಬಿದ್ದ ಕೆಲವೇ ದಿನಗಳಲ್ಲಿ ರಾಮಗಿರಿಯೂ, ಅಂದರೆ ಇಂದಿನ ರಾಮದೇವರ ಬೆಟ್ಟವೂ, ಹುತ್ರಿದುರ್ಗವೂ ಇಂಗ್ಲಿಷರ ವಶವಾದುವು.

ಕೋಟೆಯು ಬಿದ್ದುದರಿಂದ ಬೆಟ್ಟಕ್ಕೆ ಉಂಟಾದ ಪರಿಣಾಮವು ವಿಚಿತ್ರವಾದುದು. ರಾಜ್ಯಗಳಿಗೆ ಅದರ ಉಪಯೋಗವು ತಪ್ಪಿಹೋಯಿತು. ಕಾವಲಿನವರು ಇಳಿದುಹೋದರು. ಬುರುಜುಗಳ ಸಂದಿನಲ್ಲಿ ಗಿಡಗಳು ಬೇರುಬಿಟ್ಟುವು. ಮುಂದಿನ ಸುಮಾರು ನೂರೈವತ್ತು ವರ್ಷಗಳ ಕಾಲ ಈ ಶಿಖರಗಳು, ಅವನ್ನು ನಿಜವಾಗಿ ಬಲ್ಲ ಕೆಲವೇ ಜನರ ಪಾಲಿಗೆ ಉಳಿದುವು.

೪

ಆ ಜನರಾರೆಂದರೆ ಯಾತ್ರಿಕರು, ದನಕಾಯುವವರು ಮತ್ತು ಇರುಳಿಗರು. ಮಾಗಡಿ, ರಾಮನಗರ, ಕನಕಪುರಗಳ ಕಾಡಂಚಿನಲ್ಲಿ ವಾಸಿಸುವ ಇರುಳಿಗರು ಗೆಡ್ಡೆಗೆಣಸು, ಜೇನು ಮುಂತಾದ ಅರಣ್ಯದ ಉತ್ಪನ್ನಗಳಿಂದ ಜೀವಿಸುತ್ತ ಬಂದವರು. ಹೆಜ್ಜೇನು ಕಟ್ಟುವುದು ಎತ್ತರದ ಮರಗಳಲ್ಲಿ ಮತ್ತು ಕಡಿದಾದ ಬಂಡೆಗಳ ಚಾಚಿನ ಕೆಳಗೆ. ಅದನ್ನು ಇಳಿಸುವುದಕ್ಕೆ ಬೇಕಾದ ಧೈರ್ಯ, ಹಗ್ಗದ ಜ್ಞಾನ, ಕಾಲಿನ ಹಿಡಿತ ಇವು ಇಂದಿನ ಆರೋಹಿಯು ಅಭ್ಯಾಸದಿಂದ ಸಂಪಾದಿಸುವ ಗುಣಗಳೇ ಆಗಿವೆ. ಆದರೆ ವ್ಯತ್ಯಾಸವೊಂದುಂಟು. ಜೇನಿಗಾಗಿ ಬಂಡೆಗೆ ಹೋಗುವವನು ಋತುವನ್ನು ನೋಡಿ ಹೋಗಬೇಕು; ಮುಂದಿನ ವರ್ಷವೂ ಜೇನು ಅಲ್ಲಿಗೇ ಬರಬೇಕೆಂಬ ಎಣಿಕೆಯು ಅವನಿಗಿರಬೇಕು. ಬಂಡೆಯೊಡನೆ ಅವನ ಸಂಬಂಧವು ಒಂದು ದಿನದ್ದಲ್ಲ.

ಯಾತ್ರಿಕರ ಪದ್ಧತಿಯೂ ಗಮನಾರ್ಹವಾದುದು. ರಾಮದೇವರ ಬೆಟ್ಟದಲ್ಲಿ ಶ್ರೀರಾಮನ ದೇವಾಲಯವೂ ತೀರ್ಥವೂ ಇವೆ. ಕಾಕಾಸುರನ ಕಥೆಯನ್ನು ಈ ಸ್ಥಳಕ್ಕೆ ಹೊಂದಿಸಿ ಹೇಳುವುದುಂಟು. ಇಂತಹ ಕಥೆಗಳು ಚರಿತ್ರೆಗೆ ಪ್ರಮಾಣವಲ್ಲವಾದರೂ ಜನರ ನಡತೆಗೆ ಕಾರಣವಾಗುವುವು. ಯಾತ್ರಿಕನು ಮೆಟ್ಟಿಲು ಕಡಿದಿರುವ ದಾರಿಯಲ್ಲಿ ಹತ್ತುವನು, ದರ್ಶನವಾದ ಮೇಲೆ ಅದೇ ದಾರಿಯಲ್ಲಿ ಇಳಿಯುವನು. ಎದುರಿನ ಬೋಳುಬಂಡೆಯ ನೆತ್ತಿಗೆ ಹೋಗುವ ಪ್ರಯೋಜನವು ಅವನಿಗಿಲ್ಲ. ಹೀಗಾಗಿ ಒಂದೇ ಬೆಟ್ಟದಲ್ಲಿ ಮನುಷ್ಯರ ದಾರಿಯೂ ಪಕ್ಷಿಗಳ ಗೋಡೆಯೂ ಬೇರೆಬೇರೆಯಾಗಿ, ಯಾವ ಕಾನೂನಿನ ಬಲವೂ ಇಲ್ಲದೆ, ಬಹುಕಾಲ ಉಳಿದುವು.

೫

ಬೆಟ್ಟವನ್ನು ನೋಡುವುದಕ್ಕಾಗಿಯೇ ನೋಡುವ ದೃಷ್ಟಿಯು ಇಲ್ಲಿ ದಂಡಿನ ಹಿಂದೆಯೇ ಬಂದಿತು. ಹೋಮನು ಕಾರ್ನ್‌ವಾಲಿಸನ ದಂಡಿನೊಡನೆ ಬಂದ ಚಿತ್ರಕಾರ. ಬೆಂಗಳೂರಿನ ಕಡೆಯಿಂದ ಕಾಣುವ ಸಾವನದುರ್ಗವನ್ನು ಅವನು ಚಿತ್ರಿಸಿದನು. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ವೈದ್ಯ ಫ್ರಾನ್ಸಿಸ್ ಬುಕಾನನನು ಮಾಗಡಿಯ ಪ್ರಾಂತದ ವಿವರಗಳನ್ನು ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಸೇರಿಸಿದನು. ೧೮೮೨ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿನವರೆಗೆ ರೈಲು ನಡೆಯತೊಡಗಿದ ಮೇಲೆ ರಾಮನಗರದ ಬೆಟ್ಟಗಳು ಸಾವಿರಾರು ಪ್ರಯಾಣಿಕರ ಕಣ್ಣಿಗೆ ಬಿದ್ದುವು.

ಆದರೆ ಈ ಬೆಟ್ಟಗಳನ್ನು ಭಾರತದಲ್ಲೆಲ್ಲ ಪ್ರಸಿದ್ಧಗೊಳಿಸಿದುದು ಚಲಚ್ಚಿತ್ರ. ರಮೇಶ್ ಸಿಪ್ಪಿಯವರ ‘ಶೋಲೆ’ ಎಂಬ ಹಿಂದೀ ಚಿತ್ರವು ೧೯೭೩ರಿಂದ ರಾಮದೇವರ ಬೆಟ್ಟದ ಆವರಣದಲ್ಲಿ ಚಿತ್ರಿತವಾಗಿ ೧೯೭೫ರ ಆಗಸ್ಟ್ ೧೫ರಂದು ತೆರೆಗೆ ಬಂದಿತು. ಅದರ ಕಥೆಯ ಹಳ್ಳಿಯನ್ನು ಬೆಟ್ಟದ ಬುಡದಲ್ಲಿಯೇ ಕಟ್ಟಿದ್ದರು. ಡಕಾಯಿತನ ಬೀಡಾಗಿ ತೋರಿಸಿದ ಬಂಡೆಗಳನ್ನು ಕಾಣಲು ಅಂದಿನಿಂದ ಇಂದಿನವರೆಗೂ ಜನರು ಬರುತ್ತಿದ್ದಾರೆ. ಇ. ಎಂ. ಫಾರ್ಸ್ಟರರ ೧೯೨೪ರ ಕಾದಂಬರಿಯನ್ನು ಡೇವಿಡ್ ಲೀನರು ೧೯೮೪ರಲ್ಲಿ ಚಿತ್ರವಾಗಿ ಮಾಡಿದಾಗ, ಕಥೆಯಲ್ಲಿ ಬಿಹಾರ ಪ್ರಾಂತದ್ದಾಗಿ ಬರುವ ಗುಹೆಗಳ ದೃಶ್ಯಕ್ಕೆ ಈ ಸೀಮೆಯ ಬಂಡೆಗಳನ್ನೇ ಆರಿಸಿದರು. ಒಂದು ಕಾಲದಲ್ಲಿ ಭಯವನ್ನು ಹುಟ್ಟಿಸಿ ಜನರನ್ನು ದೂರವಿಟ್ಟ ಆಕಾರವೇ ಈಗ ಅವರನ್ನು ಹತ್ತಿರ ಕರೆಯುವ ಗುಣವಾಯಿತು.

೬

ಶಿಲಾರೋಹಣವೆಂಬ ವಿನೋದವು ಇಲ್ಲಿ ಬೆಳೆದ ಬಗೆಯನ್ನು ಇನ್ನು ನೋಡಬಹುದು. ಯೂರೋಪಿನಲ್ಲಿ ಪರ್ವತಾರೋಹಣವು ವ್ಯವಸ್ಥಿತವಾದ ಹವ್ಯಾಸವಾಗಿ ರೂಪುಗೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನಿನ ಆಲ್ಪೈನ್ ಕ್ಲಬ್ ಸ್ಥಾಪಿತವಾದುದು ೧೮೫೭ರಲ್ಲಿ. ಭಾರತದಲ್ಲಿ ೧೯೫೩ರ ಎವರೆಸ್ಟಿನ ವಿಜಯದ ತರುವಾಯ, ೧೯೫೪ರಲ್ಲಿ ದಾರ್ಜಿಲಿಂಗಿನ ಶಿಕ್ಷಣಸಂಸ್ಥೆಯು ಆರಂಭವಾಯಿತು. ಹಿಮವಿಲ್ಲದ ಕನ್ನಡನಾಡಿನಲ್ಲಿ ಈ ಆಸಕ್ತಿಯು ಸಹಜವಾಗಿಯೇ ಬಂಡೆಗಳ ಕಡೆಗೆ ತಿರುಗಿತು. ಬೆಂಗಳೂರಿನ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಮತ್ತು ಹವ್ಯಾಸಿಗಳ ಸಂಘಗಳು ರಾಮನಗರ, ಸಾವನದುರ್ಗ, ತುರಹಳ್ಳಿಗಳ ಬಂಡೆಗಳನ್ನು ಪಾಠಶಾಲೆಯಾಗಿ ಮಾಡಿಕೊಂಡುವು.

ಸಾವನದುರ್ಗದ ಆರೋಹಣದ ಕ್ರಮವು ಇತರ ಸ್ಥಳಗಳಿಗಿಂತ ಭಿನ್ನವಾದುದು. ಅಲ್ಲಿಯ ಹಾಸುಬಂಡೆಯಲ್ಲಿ ಬೆರಳು ತೂರಿಸಲು ಸೀಳುಗಳು ಅಪರೂಪ. ಆರೋಹಿಯು ಪಾದರಕ್ಷೆಯ ರಬ್ಬರಿಗೂ ಕಲ್ಲಿನ ಹರಳಿಗೂ ಉಂಟಾಗುವ ಘರ್ಷಣೆಯನ್ನೇ ನಂಬಿ, ಮೈಯ ಭಾರವನ್ನು ಪಾದಗಳ ಮೇಲೆ ನಿಲ್ಲಿಸಿ, ನೂರಾರು ಮೀಟರುಗಳನ್ನು ನಿಧಾನವಾಗಿ ಏರಬೇಕು. ‘ಬೆಳದಿಂಗಳು’ ಎಂಬ ಇಂಪಾದ ಹೆಸರಿನ ಮಾರ್ಗವು ಇವುಗಳಲ್ಲಿ ಪ್ರಸಿದ್ಧವಾದುದು. ಸೀಳುಗಳಿದ್ದಲ್ಲಿ ಆರೋಹಿಯು ಲೋಹದ ಬೆಣೆಗಳನ್ನು ಸಿಕ್ಕಿಸಿ, ಹಿಂದಿನವನು ಬರುವಾಗ ಅವನ್ನು ಬಿಡಿಸಿಕೊಂಡು ಹೋಗಬಹುದು. ಬಂಡೆಯಲ್ಲಿ ಗುರುತು ಉಳಿಯುವುದಿಲ್ಲ. ನುಣ್ಣನೆಯ ಬಂಡೆಯಲ್ಲಾದರೋ ಕಲ್ಲನ್ನು ಕೊರೆದು ಉಕ್ಕಿನ ಬೋಲ್ಟುಗಳನ್ನು ಹೂಡದೆ ಹಗ್ಗಕ್ಕೆ ಆಧಾರವಿಲ್ಲ; ಹೂಡಿದ ಬೋಲ್ಟು ದಶಕಗಳ ಕಾಲ ಅಲ್ಲಿಯೇ ಇರುವುದು. ಇದರಿಂದ ಆರೋಹಿಗಳಲ್ಲಿಯೇ ಒಂದು ಧರ್ಮಜಿಜ್ಞಾಸೆಯು ಹುಟ್ಟಿತು. ಪ್ರಾಣಕ್ಕೆ ಬೇಕಾದಷ್ಟೇ ಬೋಲ್ಟುಗಳನ್ನು ಹಾಕಬೇಕು, ಅನುಕೂಲಕ್ಕಾಗಿ ಹೆಚ್ಚಿಸಬಾರದು ಎಂಬುದು ಹಿರಿಯ ಆರೋಹಿಗಳ ನಿಯಮ. ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಮತ್ತೆಮತ್ತೆ ಬಡಿದ ಮೊಳೆಗಳಿಂದ ಬಂಡೆಗಳ ಸೀಳುಗಳು ವಿರೂಪಗೊಂಡುದನ್ನು ಕಂಡು, ೧೯೭೦ರ ದಶಕದ ಆರೋಹಿಗಳು ಮೊಳೆಯನ್ನು ತ್ಯಜಿಸಿದ ಉದಾಹರಣೆಯು ಇವರ ಮುಂದಿದ್ದಿತು.

ಈ ನಿಯಮದಲ್ಲಿ ಅಡಗಿರುವ ತತ್ತ್ವವನ್ನು ಬಿಡಿಸಿ ನೋಡಬೇಕು. ಬೋಲ್ಟುಗಳು ಹೆಚ್ಚಿದಂತೆ ಬಂಡೆಯು ಸುಲಭವಾಗುವುದು; ಸುಲಭವಾದಂತೆ ಅದನ್ನು ಏರುವ ಕಾರಣವೇ ಕುಗ್ಗುವುದು. ಬೆಟ್ಟದ ಕಾಠಿಣ್ಯವನ್ನು ಉಳಿಸುವುದು ಆರೋಹಿಯ ಸ್ವಾರ್ಥಕ್ಕೇ ಅವಶ್ಯವಾದುದು. ಮಾಗಡಿಯ ಗೌಡರು ಯಾವ ಗುಣವನ್ನು ಕಾವಲಿಟ್ಟು ರಕ್ಷಿಸಿದರೋ ಅದೇ ಗುಣವನ್ನು, ಬೇರೆ ಕಾರಣಕ್ಕಾಗಿ, ಇವರೂ ರಕ್ಷಿಸಬೇಕಾಯಿತು.

೭

ಹೀಗಿರಲು, ಅದೇ ದುರ್ಗಮತ್ವವನ್ನು ಪ್ರಾಣಕ್ಕಾಗಿ ಆಶ್ರಯಿಸಿದ್ದ ಮತ್ತೊಂದು ಜೀವಿಯ ಅವಸ್ಥೆಯು ಬೆಳಕಿಗೆ ಬಂದಿತು. ರಾಮದೇವರ ಬೆಟ್ಟದ ಕಡಿದಾದ ಗೋಡೆಗಳು ಉದ್ದಕೊಕ್ಕಿನ ರಣಹದ್ದುಗಳ ಹಳೆಯ ನೆಲೆ. ಈ ಹಕ್ಕಿಯು ಬಂಡೆಯ ನಡುವಿನ ಚಾಚುಗಳಲ್ಲಿ ಗೂಡುಕಟ್ಟುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆಯನ್ನಿಡುತ್ತದೆ. ಮರಿಯು ಬೆಳೆದು ತಾನೂ ಮರಿಮಾಡುವ ವಯಸ್ಸಿಗೆ ಬರಲು ಸುಮಾರು ಐದು ವರ್ಷಗಳು ಬೇಕು. ಆದಕಾರಣ ಒಮ್ಮೆ ಕ್ಷೀಣಿಸಿದ ಸಂತತಿಯು ಬೇಗನೆ ತುಂಬಿಕೊಳ್ಳಲಾರದು.

ಕ್ಷೀಣಿಸಿದ ವೇಗವಾದರೋ ಭಯಂಕರವಾದುದು. ೧೯೯೨ಕ್ಕೂ ೨೦೦೭ಕ್ಕೂ ನಡುವೆ ಭಾರತದಲ್ಲಿ ಉದ್ದಕೊಕ್ಕಿನ ರಣಹದ್ದುಗಳ ಸಂಖ್ಯೆಯು ನೂರಕ್ಕೆ ೯೬ಕ್ಕೂ ಹೆಚ್ಚಾಗಿ ಇಳಿಯಿತು. ಬಿಳಿಬೆನ್ನಿನ ಜಾತಿಯು ನೂರಕ್ಕೆ ೯೯ಕ್ಕೂ ಹೆಚ್ಚಾಗಿ ಅಳಿಯಿತು. ಕಾರಣವು ಬಹುಕಾಲ ತಿಳಿಯಲಿಲ್ಲ. ೨೦೦೪ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದನ್ನು ಸಿದ್ಧಪಡಿಸಿದರು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದಿನ ದೇಹವನ್ನು ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಒಂದೇ ಹೆಣದ ಸುತ್ತ ಹತ್ತಾರು ಹದ್ದುಗಳು ಸೇರುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಮೆ ಸಂಖ್ಯೆಯವು ವಿಷಯುಕ್ತವಾಗಿದ್ದರೂ ಇಡೀ ಸಂತತಿಯು ಅಳಿಯಲು ಸಾಕೆಂದು ಗಣಿತದಿಂದ ತೋರಿಸಲಾಯಿತು. ೨೦೦೬ರಲ್ಲಿ ಭಾರತ ಸರ್ಕಾರವು ಪಶುಗಳಿಗೆ ಈ ಔಷಧವನ್ನು ನಿಷೇಧಿಸಿತು. ಮನುಷ್ಯರಿಗಾಗಿ ಮಾರುವ ದೊಡ್ಡ ಸೀಸೆಗಳನ್ನೇ ದನಗಳಿಗೆ ಬಳಸುತ್ತಿದ್ದುದರಿಂದ ೨೦೧೫ರಲ್ಲಿ ಸೀಸೆಯ ಅಳತೆಯನ್ನು ೩ ಮಿಲಿಲೀಟರಿಗೆ ಇಳಿಸಲಾಯಿತು. ಅದೇ ಬಗೆಯ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫಿನಾಕ್‌ಗಳೂ ೨೦೨೩ರಲ್ಲಿ ಪಶುಚಿಕಿತ್ಸೆಗೆ ನಿಷಿದ್ಧವಾದುವು.

ಈ ನಡುವೆ, ೨೦೧೨ರ ಜನವರಿ ೩೧ರಂದು ಕರ್ನಾಟಕ ಸರ್ಕಾರವು ರಾಮದೇವರ ಬೆಟ್ಟದ ೩೪೬.೪೧ ಹೆಕ್ಟೇರುಗಳ ಪ್ರದೇಶವನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಿತು. ರಣಹದ್ದುಗಳಿಗಾಗಿಯೇ ಭಾರತದಲ್ಲಿ ಮೀಸಲಾದ ಮೊದಲನೆಯ ಧಾಮವಿದು. ದೇವಾಲಯದ ಮೆಟ್ಟಿಲುದಾರಿಯು ಯಾತ್ರಿಕರಿಗೆ ತೆರೆದೇ ಉಳಿಯಿತು. ಗೂಡುಗಳಿರುವ ಬಂಡೆಗಳು ಮನುಷ್ಯಸಂಚಾರಕ್ಕೆ ಮುಚ್ಚಿದುವು. ಯಾತ್ರಿಕರ ಹಳೆಯ ಮರ್ಯಾದೆಯೇ ಈಗ ಕಾನೂನಿನ ರೂಪವನ್ನು ತಾಳಿತೆಂದು ಹೇಳಬಹುದು.

೮

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟುತ್ತದೆ. ಹದ್ದುಗಳನ್ನು ಕೊಂದುದು ಔಷಧ, ಹಗ್ಗವನ್ನು ಹಿಡಿದವನಲ್ಲ. ಮಾಡದ ತಪ್ಪಿಗೆ ಆರೋಹಿಯು ಏಕೆ ಬಂಡೆಯನ್ನು ಬಿಡಬೇಕು? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕೇವಲ ಬಂಡೆಯನ್ನು ಮುಚ್ಚಿದ ಮಾತ್ರಕ್ಕೆ ಹದ್ದುಗಳು ಹೆಚ್ಚಲಾರವು. ಅವು ಆಹಾರಕ್ಕಾಗಿ ಬಹುದೂರ ಹಾರುವುದರಿಂದ ಧಾಮದ ಹೊರಗಿನ ಊರುಗಳ ದನದ ಕೊಟ್ಟಿಗೆಗಳಲ್ಲಿಯೇ ಅವುಗಳ ಹಣೆಬರಹವು ನಿಶ್ಚಿತವಾಗುತ್ತದೆ. ಆದರೆ ಉತ್ತರವೂ ಇದೆ. ಸಾವಿರಾರು ಇದ್ದಾಗ ಒಂದು ಗೂಡು ಕೆಟ್ಟರೆ ಅದು ನಷ್ಟವಲ್ಲ. ಬೆರಳೆಣಿಕೆಗೆ ಇಳಿದಾಗ ಒಂದು ಮೊಟ್ಟೆಯೂ ಅಮೂಲ್ಯ. ಚಳಿಗಾಲದಿಂದ ಬೇಸಗೆಯವರೆಗೆ ತಾಯಿತಂದೆಗಳು ಸರದಿಯಿಂದ ಗೂಡನ್ನು ಕಾಯುವಾಗ, ತಲೆಯ ಮೇಲಿನಿಂದ ಹಗ್ಗವೊಂದು ಇಳಿದರೆ ಅವು ಎದ್ದುಹೋಗುವುವು. ಮೊಟ್ಟೆಯು ಬಿಸಿಲಿಗೆ ಬೀಳುವುದು. ತಪ್ಪು ಆರೋಹಿಯದಲ್ಲದಿರಬಹುದು, ಹೊಣೆಯು ಮಾತ್ರ ಅವನದೂ ಹೌದು.

ಹೊರದೇಶದ ಒಂದು ನಿದರ್ಶನವು ಇದಕ್ಕೆ ಬಹುಮಟ್ಟಿಗೆ ಸಮನಾಗಿದೆ. ಅಮೆರಿಕದಲ್ಲಿ ಡಿ.ಡಿ.ಟಿ. ಎಂಬ ಕೀಟನಾಶಕದಿಂದ ಪೆರೆಗ್ರಿನ್ ಎಂಬ ಡೇಗೆಯ ಮೊಟ್ಟೆಗಳ ಕವಚವು ತೆಳುವಾಗಿ, ಆ ಪಕ್ಷಿಯು ಅನೇಕ ಪ್ರಾಂತಗಳಿಂದ ಮಾಯವಾಯಿತು. ೧೯೭೨ರಲ್ಲಿ ಆ ವಿಷವನ್ನು ನಿಷೇಧಿಸಿದರ ಮೇಲೆ, ೧೯೭೮ರಲ್ಲಿ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯಲ್ಲಿ ಒಂದು ಜೋಡಿಯು ಗೂಡುಮಾಡಿರುವುದನ್ನು ಮೊದಲು ಕಂಡವರು ಆರೋಹಿಗಳೇ. ಅಲ್ಲಿ ಇಂದಿಗೂ ಗೂಡಿನ ಋತುವಿನಲ್ಲಿ ಗೂಡಿರುವ ಗೋಡೆಗಳನ್ನು ಮಾತ್ರ ಮುಚ್ಚಿ, ಮರಿಗಳು ಹಾರಿದ ಮೇಲೆ ತೆರೆಯುತ್ತಾರೆ. ಪೆರೆಗ್ರಿನ್ ಪಕ್ಷಿಯು ೧೯೯೯ರಲ್ಲಿ ಅಮೆರಿಕದ ಅಪಾಯಸ್ಥ ಜೀವಿಗಳ ಪಟ್ಟಿಯಿಂದ ಹೊರಬಂದಿತು. ವಿಷದ ನಿಷೇಧ, ಗೂಡಿನ ಶಾಂತಿ, ಆರೋಹಿಯ ಸಹಕಾರ ಇವು ಮೂರೂ ಕೂಡಿದುದರಿಂದ ಈ ಫಲವು ದೊರೆಯಿತು. ರಾಮದೇವರ ಬೆಟ್ಟದ ಹದ್ದುಗಳ ಸಂಖ್ಯೆಯು ತೀರ ಅಲ್ಪವಾದುದರಿಂದ ಅಲ್ಲಿ ವರ್ಷವಿಡೀ ಮುಚ್ಚಿರುವುದೇ ಯುಕ್ತ. ಆದರೆ ಬಂಡೆಯನ್ನು ದಿನವೂ ನೋಡುವ ಕಣ್ಣುಗಳನ್ನು ರಕ್ಷಣೆಯ ಕಾರ್ಯಕ್ಕೆ ಸೇರಿಸಿಕೊಳ್ಳುವ ಪಾಠವು ಇಲ್ಲಿಗೂ ಅನ್ವಯಿಸುತ್ತದೆ.

ಅಪಾಯವು ಆರೋಹಿಗಳಿಗಿಂತ ಹೆಚ್ಚಾಗಿ ಬರುವುದು ಬೆಟ್ಟವನ್ನು ಸುಲಭಗೊಳಿಸುವ ಯೋಜನೆಗಳಿಂದ. ೨೦೧೮ರಲ್ಲಿ ‘ಶೋಲೆ’ಯ ನೆನಪಿಗಾಗಿ ರಾಮದೇವರ ಬೆಟ್ಟದ ಬಳಿ ಪ್ರವಾಸಿಗಳ ವಿನೋದಗ್ರಾಮವನ್ನು ನಿರ್ಮಿಸುವ ಪ್ರಸ್ತಾಪವು ಬಂದಾಗ, ಪಕ್ಷಿಪ್ರಿಯರು ಅದನ್ನು ವಿರೋಧಿಸಿದರು. ನಗರಕ್ಕೆ ಇನ್ನೂ ಹತ್ತಿರದಲ್ಲಿ, ತುರಹಳ್ಳಿಯ ಕಾಡಿನಲ್ಲಿ ವೃಕ್ಷೋದ್ಯಾನವನ್ನು ಮಾಡಲು ಸರ್ಕಾರವು ಹೊರಟಾಗ, ೨೦೨೧ರ ಫೆಬ್ರವರಿಯಲ್ಲಿ ಅಲ್ಲಿ ನಡೆದಾಡುವವರೂ ಸೈಕಲ್ ಸವಾರರೂ ನೆರೆಹೊರೆಯ ನಿವಾಸಿಗಳೂ ಕೂಡಿ ಪ್ರತಿಭಟಿಸಿದರು. ಇದು ವಿಶೇಷವಾಗಿ ಗಮನಿಸತಕ್ಕ ಸಂಗತಿ. ಕಾಡನ್ನು ತಮ್ಮ ವಿನೋದಕ್ಕಾಗಿ ಬಳಸುತ್ತಿದ್ದ ಜನರೇ ತಮಗೆ ಹಾದಿ, ಬೆಂಚು, ಬೇಲಿಗಳ ಅನುಕೂಲವು ಬೇಡ, ಕಾಡು ಕಾಡಾಗಿಯೇ ಇರಲಿ ಎಂದು ಕೇಳಿದರು.

ಜನಸಂದಣಿಯನ್ನು ಮಿತಿಗೊಳಿಸುವ ನಿಯಮವೂ ಇತ್ತೀಚೆಗೆ ಬಂದಿದೆ. ೨೦೨೪ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಗೇ ಸಾವಿರಾರು ಜನರು ನುಗ್ಗಿದ ಮೇಲೆ, ಅರಣ್ಯ ಇಲಾಖೆಯು ಚಾರಣಗಳನ್ನು ಕೆಲವು ಕಾಲ ನಿಲ್ಲಿಸಿ, ಮುಂಗಡವಾಗಿ ಚೀಟಿಯನ್ನು ಪಡೆಯುವ ಕ್ರಮವನ್ನೂ ಒಂದು ದಾರಿಗೆ ದಿನಕ್ಕೆ ೩೦೦ ಜನರೆಂಬ ಮಿತಿಯನ್ನೂ ತಂದಿತು. ಕಾಡಂಚಿನ ಊರಿನವರು ದಾರಿತೋರಿಸುವವರಾಗಿ ಇದರಿಂದ ಜೀವನವನ್ನು ಪಡೆದರೆ, ಈ ವ್ಯವಸ್ಥೆಗೆ ಬೇರು ದೊರೆಯುವುದು. ಬಂಡೆಯ ಋತುಗಳನ್ನು ಪರಂಪರೆಯಿಂದ ಬಲ್ಲ ಇರುಳಿಗರನ್ನು ಹೊರಗಿಟ್ಟು ಮಾಡಿದ ರಕ್ಷಣೆಯು ಅರ್ಧ ರಕ್ಷಣೆಯೇ ಆದೀತು.

೯

ಮೇಲೆ ನಿರೂಪಿಸಿದ ಸಂಗತಿಗಳಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಸಾವನದುರ್ಗ ಮತ್ತು ರಾಮದೇವರ ಬೆಟ್ಟಗಳ ಚರಿತ್ರೆಯು ಅವುಗಳ ದುರ್ಗಮತ್ವದ ಚರಿತ್ರೆ. ಪಾಳೆಯಗಾರನಿಗೆ ಅದು ರಾಜ್ಯವಾಗಿದ್ದಿತು, ಇಂಗ್ಲಿಷ್ ದಂಡಿಗೆ ವಿಘ್ನವಾಗಿದ್ದಿತು, ಚಿತ್ರಕಾರರಿಗೆ ರೂಪವಾಯಿತು, ಆರೋಹಿಗೆ ಸಾಹಸವಾಯಿತು, ರಣಹದ್ದಿಗೆ ಅದು ಆದಿಯಿಂದಲೂ ಮನೆಯಾಗಿದೆ. ೧೭೯೧ರಲ್ಲಿ ಫಿರಂಗಿಗಳು ಗೋಡೆಯನ್ನು ಒಡೆದುವೇ ಹೊರತು ಬೆಟ್ಟವನ್ನು ಸುಗಮವಾಗಿ ಮಾಡಲಿಲ್ಲ. ಆ ಕೆಲಸವನ್ನು ಮಾಡುವ ಶಕ್ತಿಯು ಈ ಕಾಲದ ರಸ್ತೆಗಳಿಗೂ ಯಂತ್ರಗಳಿಗೂ ವಿನೋದದ ವ್ಯಾಪಾರಕ್ಕೂ ಇದೆ.

ಆದುದರಿಂದ ಹೊರಾಂಗಣದ ಸಾಹಸವು ಪರಿಸರಕ್ಕೆ ಹಿತವೋ ಅಹಿತವೋ ಎಂಬ ಪ್ರಶ್ನೆಗೆ ಈ ಸ್ಥಳಗಳ ಮಟ್ಟಿಗೆ ಒಂದು ಅಳತೆಗೋಲು ಸಿಕ್ಕುತ್ತದೆ. ಯಾವ ವಿನೋದವು ಬೆಟ್ಟದ ಕಷ್ಟವನ್ನು ಇದ್ದಂತೆಯೇ ಒಪ್ಪಿಕೊಂಡು ತನ್ನ ಬಲವನ್ನು ಬೆಳೆಸಿಕೊಳ್ಳುವುದೋ ಅದು ಹಿತ. ಯಾವುದು ತನ್ನ ಅನುಕೂಲಕ್ಕೆ ಬೆಟ್ಟವನ್ನು ತಗ್ಗಿಸುವುದೋ ಅದು ಅಹಿತ. ಸಾವನದುರ್ಗದ ಹಾಸುಬಂಡೆಯು ಆರೋಹಿಗಳಿಗೆ ಸಾಕಷ್ಟು ವಿಸ್ತಾರವಾಗಿದೆ. ರಾಮದೇವರ ಬೆಟ್ಟದ ಗೋಡೆಗಳಲ್ಲಿ ಉಳಿದಿರುವ ಕೆಲವೇ ಜೋಡಿಗಳಿಗೆ ಮತ್ತೊಂದು ಮನೆಯಿಲ್ಲ. ಬಿನ್ನಿಪೇಟೆಯಿಂದ ಹೊರಡುವ ಎರಡು ರಸ್ತೆಗಳಲ್ಲಿ ಒಂದು ಏರಬಹುದಾದ ಬೆಟ್ಟಕ್ಕೂ ಮತ್ತೊಂದು ಕೆಳಗೆ ನಿಂತು ನೋಡತಕ್ಕ ಬೆಟ್ಟಕ್ಕೂ ಹೋಗುವುವೆಂಬುದನ್ನು ತಿಳಿದು ನಡೆದರೆ, ಎರಡು ದುರ್ಗಗಳೂ ಮುಂದಿನವರಿಗೆ ದುರ್ಗಗಳಾಗಿಯೇ ಉಳಿಯುವುವು.